ವೆರುಂ ತಡವ್

ಕಾಸರಗೋಡು ಕೋರ್ಟಿನಲ್ಲಿ ನ್ಯಾಯಾಧೀಶರು ಹೇಳಿದರು:
ಆರು ಮಾಸಂ ವೆರುಂ ತಡವ್.
ಫ್ಯಾನಿನ ಸದ್ದಿಗೆ ಕೊನೆಯ ಅಕ್ಷರ ಅರ್ಧ ಹಾರಿಹೋಯಿತು.
ಕಟಕಟೆಯಲ್ಲಿ ಬಾಯಾರಿನ ಐತಪ್ಪ ಮೂಲ್ಯ
ಬಲಗಿವಿ ಮುಂದೆ ಮಾಡಿ ಕೇಳಿಸಿಕೊಂಡು
ಸಣ್ಣಗೆ ನಕ್ಕ.

ತಡವು. ಅವನಿಗೆ ಗೊತ್ತಿರುವ ಮಾತು.
ಮನೆಯ ತುಳುವಿನಲ್ಲಿ ತಡ, ಶಾಲೆಯ ಕನ್ನಡದಲ್ಲಿ ತಡ.
ಉಪ್ಪಳದ ಬಸ್ಸು ತಡ, ತಾಯಿಯ ಪಿಂಚಣಿ ತಡ,
ಈ ಕೇಸೇ ನಾಲ್ಕು ವರ್ಷ ತಡ.
ಇನ್ನೊಂದು ಆರು ತಿಂಗಳು ತಡವಾದರೆ
ಯಾರ ಗಂಟು ಹೋಗುತ್ತದೆ?

ನಾನು ದುಭಾಷಿ.
ಕನ್ನಡದ ಆರೋಪಿ ಇದ್ದ ದಿನ ಗುಮಾಸ್ತರ ಫೋನು ಬರುತ್ತದೆ,
ಮಧ್ಯಾಹ್ನದೊಳಗೆ ಒಂದು ನಗುವನ್ನು ಅಳಿಸಿ
ಬಸ್ಸು ಹತ್ತುತ್ತೇನೆ.

"ಸಾದಾ ಸಜೆ" ಅಂದೆ.
"ಸಾದಾ ಅಂದರೆ ದೋಸೆಯ ಹಾಗಾ ಅಕ್ಕ? ಒಳಗೆ ಏನೂ ಇಲ್ಲದ್ದು?"
"ಸೆರೆವಾಸ" ಅಂದೆ.
"ಅದು ಆಟದಲ್ಲಿ ವಸುದೇವನಿಗೆ ಬರುವುದಲ್ಲವಾ.
ನಾನು ತಂದದ್ದು ಗಡಿಯಾಚೆಯಿಂದ
ಹದಿನೆಂಟು ಪ್ಯಾಕೆಟು, ಅಷ್ಟೇ."

ನಿಜ. ಘಟ್ಟದ ಮೇಲೆ ಕೆಲವರು
ಕುಡಿಯುವುದಕ್ಕೂ ಸೆರೆ ಅನ್ನುತ್ತಾರೆ.
ಸೆರೆ ತಂದವನಿಗೆ ಸೆರೆ:
ಕಾನೂನಿಗೆ ಇಷ್ಟು ಪ್ರಾಸಬುದ್ಧಿ ಇದೆಯೆಂದು
ನನಗೆ ಗೊತ್ತಿರಲಿಲ್ಲ.
ಬಿಕ್ಕುವಾಗ ಬಿಗಿಯುವ ಗಂಟಲ ನರವೂ ಸೆರೆಯೇ.
ಅದನ್ನು ಯಾವ ಪೊಲೀಸೂ ಬರೆದುಕೊಳ್ಳುವುದಿಲ್ಲ.

ಸೆರೆಮನೆಯಲ್ಲಿ ಒಂದು ಮನೆ,
ಕಾರಾಗೃಹದಲ್ಲಿ ಹಾಲುಕ್ಕಿಸಿದ ಗೃಹಪ್ರವೇಶದ ಗೃಹ.
ನಮ್ಮ ಭಾಷೆಗೆ ಮರ್ಯಾದೆ ಜಾಸ್ತಿ,
ಮನೆ ಕೊಡದೆ ಯಾರನ್ನೂ ಬೀಗದೊಳಗೆ ನೂಕುವುದಿಲ್ಲ.
ಆಮೇಲೆ ಒಂದು ಭಾನುವಾರ ಕುರ್ಚಿ ಹಾಕಿ, ಬ್ಯಾನರು ಕಟ್ಟಿ
ಪುಸ್ತಕಕ್ಕೆ ಬಿಡುಗಡೆ ಮಾಡುತ್ತದೆ.
ಅದೇನು ತಪ್ಪು ಮಾಡಿತ್ತೋ ಪಾಪ.

ಒಮ್ಮೆ ಚೀಮೇನಿಗೆ ಹೋಗಿದ್ದೆ.
ಗೇಟಿನ ಹತ್ತಿರ ಚಾ ಕುಡಿಯುತ್ತಿದ್ದವನು ಹೇಳಿದ:
ಇದು ತುರನ್ನ ಜಯಿಲ್.
ತುರನ್ನ ಅಂದರೆ ತೆರೆದದ್ದು.
ನನ್ನಜ್ಜ ಜೈಲಿಗೆ ತುರಂಗ ಅನ್ನುತ್ತಿದ್ದ.
ಒಂದೇ ಕದವನ್ನು ಎರಡು ಭಾಷೆಗಳು
ಎರಡು ಕಡೆಯಿಂದ ನೂಕುತ್ತ ನಿಂತ ಹಾಗೆ.
ಚಾ ಆರಿಹೋಯಿತು.

ಕೊನೆಗೆ ಐತಪ್ಪನೇ ಹುಡುಕಿದ.
"ಕೂಡಿ ಹಾಕುವುದಾ?"
ಹೌದು.
"ಕೋಳಿಯ ಹಾಗೆ?"
ಹೌದು.
ಅವನ ಮುಖದಿಂದ ನಗು
ಒಂದು ಕಾಲು ಎತ್ತಿ ನಿಂತು, ಆಮೇಲೆ ಇಳಿದು ಹೋಯಿತು.
ನನ್ನ ಅಷ್ಟೂ ಸಂಸ್ಕೃತ ಮಾಡದ ಕೆಲಸವನ್ನು
ಒಂದು ಬುಟ್ಟಿ ಮಾಡಿತ್ತು.

ಕರಕೊಂಡು ಹೋಗುವಾಗ ತಿರುಗಿ ಕೇಳಿದ,
"ಕೋಳಿಯನ್ನಾದರೆ ಬೆಳಿಗ್ಗೆ ಬಿಡುತ್ತೇವೆ."
ಅದು ಪ್ರಶ್ನೆಯೋ ಅಲ್ಲವೋ ತಿಳಿಯದೆ
ಪೊಲೀಸ್ ನನ್ನ ಮುಖ ನೋಡಿದ.
ನಾನು ಅನುವಾದಿಸಲಿಲ್ಲ.

ಹೊರಗೆ ಜಗಲಿಯಲ್ಲಿ ವಾರಿಜ, ಅವನ ಹೆಂಡತಿ.
ಕೈಯಲ್ಲಿ ಫೋನು, ಆ ಕಡೆ ಅತ್ತೆ,
ಎರಡು ಸಲ ಹೃದಯ ಕೈಕೊಟ್ಟವರು.
ಫೋನಿನ ಬಾಯಿಗೆ ಬೆರಳು ಒತ್ತಿ ಹಿಡಿದು
ನನ್ನ ಕಡೆ ತಿರುಗಿ
ತುಟಿಯಲ್ಲೇ ಕೇಳಿದಳು: ಏನು ಹೇಳಲಿ?

ನನ್ನ ಚೀಲದಲ್ಲಿ ಎರಡು ನಿಘಂಟು ಇದ್ದವು.
ನ್ಯಾಯಾಧೀಶರು ಹೇಳಿದ್ದನ್ನೇ ಹೇಳು, ಅಂದೆ.
ಅವಳು ಬೆರಳು ತೆಗೆದಳು.
"ಆರೆಗ್ ಒಂತೆ ತಡವುಂಡು, ಮಾಮಿ."

ಆ ಕಡೆಯಿಂದ ಏನೋ ಕೇಳಿದರು.
"ಒಂತೆ" ಅಂದಳು ಮತ್ತೆ.
ಮತ್ತೆ ಏನೋ ಕೇಳಿದರು.
"ಅಂದ್, ಗಂಜಿ ಮುಚ್ಚಿ ಇಡಿ."

ಒಳಗೆ ಹೋಗಿ ರಿಜಿಸ್ಟರಿನಲ್ಲಿ ಸಹಿ ಹಾಕಿದೆ.
ಬಂದ ಹೊತ್ತು, ಹೋದ ಹೊತ್ತು, ಭಾಷೆ.
ಜಗಲಿಯ ಆ ಒಂದು ಶಬ್ದಕ್ಕೆ
ಭತ್ಯೆ ಬರೆಯಲಿಲ್ಲ.